ಅಪ್ಪನ ಟ್ರಂಕಿನಲ್ಲಿ ಸಿಕ್ಕ ರಸೀದಿಗಳು

ಪ್ರಶ್ನೆ: ಕಳೆದ ವರ್ಷ ತೀರಿಕೊಂಡ ನಮ್ಮ ಅಪ್ಪನ ತಗಡಿನ ಟ್ರಂಕಿನಲ್ಲಿ, ಧೋತರದ ಮಡಿಕೆಯೊಳಗೆ, ಗುಂಡುಪಿನ್ನು ಚುಚ್ಚಿಟ್ಟ ಹಳೆಯ ಮನಿ ಆರ್ಡರ್ ರಸೀದಿಗಳೂ ಕೂಸನ್ನು ಎತ್ತಿಕೊಂಡ ಹೆಂಗಸಿನ ಫೋಟೋವೊಂದೂ ಸಿಕ್ಕಿವೆ. ಹಣ ಹೋದದ್ದು ಹುಮನಾಬಾದಿನ ಒಬ್ಬ ಮಹಿಳೆಯ ಹೆಸರಿಗೆ. ಹೊಲ ಪಾಲಾಗುವ ಮೊದಲು ಎಲ್ಲವನ್ನೂ ಸುಟ್ಟುಬಿಡೋಣ ಎನ್ನುತ್ತಾನೆ ಅಣ್ಣ. ಅವ್ವನಿಗೆ ತಿಳಿಸಬೇಕೇ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ದಯವಿಟ್ಟು ಒಂದು ಚೀಟಿಯನ್ನೂ ಸುಡಬೇಡಿ. ಹಣ ಹೋಯಿತೆಂಬುದನ್ನು ರಸೀದಿ ಹೇಳುತ್ತದೆಯೇ ಹೊರತು ಯಾಕೆ ಹೋಯಿತೆಂಬುದನ್ನಲ್ಲ. ಆಕೆ ತೀರಿಹೋದ ಗೆಳೆಯನ ಹೆಂಡತಿಯೂ ಆಗಿರಬಹುದು.

ಒಂದು ವೇಳೆ ಅದು ನಿಮ್ಮ ತಂದೆಯ ಇನ್ನೊಂದು ಸಂಸಾರವೇ ಆಗಿದ್ದರೆ, ಅಣ್ಣನ ಆತುರ ನಿಮಗೇ ತೊಡಕಾದೀತು. ಹೆಂಡತಿ ಬದುಕಿರುವಾಗಲೇ ಆದ ಎರಡನೆಯ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯಂತೆ ಅಸಿಂಧುವಾದರೂ, ಅದರ 16ನೇ ಕಲಮು ಅಂಥ ಮದುವೆಯ ಮಕ್ಕಳನ್ನು ಔರಸರೆಂದೇ, ಅಂದರೆ ಕಾನೂನುಬದ್ಧ ಮಕ್ಕಳೆಂದೇ, ಮನ್ನಿಸುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲಿಯೂ ಅವರಿಗೆ ಹಕ್ಕುಂಟೆಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ತೀರ್ಪು ನೀಡಿದೆ. ಪಾಲುಪತ್ರಕ್ಕೆ ಸಹಿ ಹಾಕುವ ಮೊದಲು ವಕೀಲರನ್ನು ಕಾಣಿರಿ.

ಅವ್ವನ ಮುಂದೆ ಫೋಟೋ ಹಿಡಿದು ವಿಚಾರಣೆ ನಡೆಸಬೇಡಿ. ಅಣ್ಣ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಟ್ರಂಕಿನಲ್ಲಿ ಕೆಲವು ಕಾಗದಗಳು ಸಿಕ್ಕಿವೆ, ನೋಡುತ್ತೀಯಾ ಎಂದಷ್ಟೇ ಕೇಳಿರಿ. ಎಷ್ಟೋ ತಾಯಂದಿರು ಇಂಥದ್ದನ್ನು ಮಕ್ಕಳಿಗಿಂತ ಮೊದಲೇ ಬಲ್ಲವರಾಗಿದ್ದು, ಮನೆಯ ಮರ್ಯಾದೆಗಾಗಿ ನುಂಗಿಕೊಂಡಿರುತ್ತಾರೆ. ಬೇಡವೆಂದರೆ ಅಲ್ಲಿಗೇ ಬಿಡಿ, ಇನ್ನೊಮ್ಮೆ ಕೆದಕಬೇಡಿ.

ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲಗೆ ಬಿಡಿಸಿ, ರಸೀದಿಗಳನ್ನು ತಾರೀಖಿನಂತೆ ಜೋಡಿಸಿ ಕಾಗದದ ಲಕೋಟೆಯಲ್ಲಿಡಿ, ಲ್ಯಾಮಿನೇಷನ್ ಬೇಡ. ಹುಮನಾಬಾದಿಗೆ ಮಾತ್ರ ಏಕಾಏಕಿ ಹೋಗಬೇಡಿ. ಆ ಮನೆಯಲ್ಲಿಯೂ ಏನೂ ತಿಳಿಯದ ಮಕ್ಕಳಿರಬಹುದು. ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರ ಮೂಲಕ ಮೊದಲು ವಿಚಾರಿಸಿರಿ.