ಎಂಟು ತಿಂಗಳ ಮಗು ಮತ್ತು ದಸರಾ ರಜೆಯ ವಂಡರ್‌ಲಾ: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಅವರ ಗುರುತು ಸಿಗದಂತೆ ಊರು, ಉದ್ಯೋಗ ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಲಾಗಿದೆ.)

ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ನನ್ನ ಬಳಿಗೆ ಬಂದ ಆ ದಂಪತಿ, ತಮ್ಮ ಜಗಳದ ಕಾರಣವನ್ನು ಹೇಳಿಕೊಳ್ಳಲು ಮೊದಲ ಹತ್ತು ನಿಮಿಷ ಸಂಕೋಚಪಟ್ಟರು. ಅವರಿಗೆ ಎಂಟು ತಿಂಗಳು ತುಂಬಿದ ಹೆಣ್ಣುಮಗುವಿತ್ತು. ಪತಿಯ ಅಕ್ಕ ದಸರಾ ರಜೆಯಲ್ಲಿ ತನ್ನ ಹನ್ನೊಂದು ಮತ್ತು ಎಂಟು ವರ್ಷದ ಮಕ್ಕಳೊಂದಿಗೆ ಬೆಂಗಳೂರಿಗೆ ಬರುವವರಿದ್ದು, ಬಿಡದಿ ಬಳಿಯ ಆಟ-ನೀರಾಟದ ಪಾರ್ಕ್ ವಂಡರ್‌ಲಾಕ್ಕೆ ಒಂದು ದಿನ ಹೋಗುವುದೆಂದು ಫೋನಿನಲ್ಲೇ ತೀರ್ಮಾನವಾಗಿತ್ತು. ಮಗುವನ್ನೂ ಕರೆದುಕೊಂಡು ಹೋಗಬೇಕೆಂದು ಪತ್ನಿ, ಮೂರು ವರ್ಷ ತುಂಬುವವರೆಗೆ ಬೇಡವೇ ಬೇಡವೆಂದು ಪತಿ. ಇಷ್ಟಕ್ಕೆ ಇಬ್ಬರೂ ಆರು ದಿನ ಮಾತು ಬಿಟ್ಟಿದ್ದರು. ‘ಇಷ್ಟು ಚಿಕ್ಕ ವಿಷಯಕ್ಕೆ ಆಪ್ತಸಲಹೆಗೆ ಬರೋದಾ ಅಂತ ನೀವು ನಗಬಹುದು’ ಎಂದು ಪತಿ ಹೇಳಿದರು. ನನಗೆ ನಗು ಬರಲಿಲ್ಲ. ಆರು ದಿನ ಮಾತು ಬಿಡುವಷ್ಟು ಕೋಪವು ಒಂದು ದಿನದ ವಿಹಾರದ ಬಗ್ಗೆ ಮಾತ್ರ ಇರುವುದು ಅಪರೂಪ.

ಆದರೂ ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ತಪ್ಪು. ಅವರು ಮಗುವಿನ ಕುರಿತು ಕೇಳಿದ್ದರಿಂದ ನಾನೂ ಮಗುವಿನ ಕುರಿತೇ ಮಾತನಾಡಿದೆ. ವೈದ್ಯಕೀಯ ನಿರ್ಧಾರವನ್ನು ಮಕ್ಕಳ ವೈದ್ಯರಿಗೇ ಬಿಡಬೇಕೆಂದು ಮೊದಲೇ ಹೇಳಿ, ನನಗೆ ತಿಳಿದಷ್ಟನ್ನು ಅವರ ಮುಂದಿಟ್ಟೆ. ನಮ್ಮ ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಬರುವುದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಮೊದಲ ಡೋಸ್ ಕೂಡ ಹಾಕಿಸಿದ ದಿನವೇ ಕೆಲಸ ಆರಂಭಿಸುವುದಿಲ್ಲ, ದೇಹಕ್ಕೆ ರಕ್ಷಣೆ ಬೆಳೆಸಿಕೊಳ್ಳಲು ಕೆಲವು ವಾರ ಬೇಕು. ಹಾಗಾಗಿ ದಸರಾ ರಜೆಯ ಜನಸಂದಣಿಯಲ್ಲಿ ಈ ಮಗು ದಡಾರಕ್ಕೆ ಸಾಕಷ್ಟು ತೆರೆದುಕೊಂಡೇ ಇರುತ್ತದೆ. ನೀರಿನ ವಿಷಯವೂ ಅಷ್ಟೇ: ತೂಕಕ್ಕೆ ಹೋಲಿಸಿದರೆ ಎಳೆಮಗುವಿನ ಮೈಯ ಹೊರಮೈ ದೊಡ್ಡದಾದ್ದರಿಂದ ತಣ್ಣೀರಿನಲ್ಲಿ ಅದರ ಮೈಬಿಸಿ ಬೇಗ ಇಳಿಯುತ್ತದೆ, ಕೊಳದ ನೀರನ್ನು ಅದು ನುಂಗಿಯೂ ಬಿಡುತ್ತದೆ. ಧ್ವನಿವರ್ಧಕದ ಅಬ್ಬರದ ಹತ್ತಿರ ಅದರ ಕಿವಿಯನ್ನು ಬಹಳ ಹೊತ್ತು ಒಡ್ಡುವಂತಿಲ್ಲ. ಇನ್ನು ಎಂಟು-ಒಂಬತ್ತು ತಿಂಗಳೆಂದರೆ ಮಕ್ಕಳು ಹೊಸ ಮುಖ ಕಂಡು ಅಳಲು ಶುರುಮಾಡುವ ಕಾಲವೇ ಆಗಿದೆ. ಮೂರು ತಿಂಗಳಿನಲ್ಲಿ ಎಲ್ಲರ ಮಡಿಲಿಗೂ ನಗುತ್ತ ಹೋಗುತ್ತಿದ್ದ ಕೂಸು ಈಗ ಅಮ್ಮನ ಸೆರಗು ಬಿಡದು.

ಇದಿಷ್ಟನ್ನೂ ಕೇಳಿದ ಪತಿಯ ಮುಖದಲ್ಲಿ ಗೆದ್ದ ಕಳೆ ಬಂತು. ಪತ್ನಿ ತಲೆ ತಗ್ಗಿಸಿ ಕೈಯ ಬಳೆ ತಿರುಗಿಸುತ್ತ ಕುಳಿತರು. ಅವರು ಹೊರಟಮೇಲೆ ಟಿಪ್ಪಣಿ ಬರೆಯುವಾಗ ನನಗೆ ಹೊಳೆದದ್ದೇನೆಂದರೆ, ಆ ತಾಯಿ ನನ್ನ ಒಂದು ಮಾತಿಗೂ ಎದುರು ಹೇಳಿರಲಿಲ್ಲ. ಮಗುವನ್ನು ಕರೆದೊಯ್ಯಲೇಬೇಕೆಂದು ಆರು ದಿನ ಹಟ ಹಿಡಿದವರು, ಕರೆದೊಯ್ಯಬಾರದೆಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದನ್ನಾದರೂ ಪ್ರಶ್ನಿಸಬೇಕಿತ್ತು. ಅವರಿಗೆ ಅದೆಲ್ಲ ಮೊದಲೇ ಗೊತ್ತಿತ್ತು.

ಎರಡನೆಯ ಭೇಟಿಗೆ ಅವರೊಬ್ಬರನ್ನೇ ಬರಹೇಳಿದೆ. ‘ಮಗು ಇಲ್ಲದೆ ನೀವು ಕೊನೆಯ ಸಲ ಹೊರಗೆ ಹೋದದ್ದು ಯಾವಾಗ?’ ಎಂದು ಕೇಳಿದಾಗ ‘ಆಫೀಸಿಗೆ ಹೋಗ್ತೀನಲ್ಲ’ ಎಂದರು. 26 ವಾರಗಳ ಹೆರಿಗೆ ರಜೆ ಮುಗಿದು ಜುಲೈಯಿಂದ ವಾರಕ್ಕೆ ಎರಡು ದಿನ ಕಚೇರಿಗೆ ಹೋಗುತ್ತಿದ್ದರು, ಉಳಿದ ಮೂರು ದಿನ ಮನೆಯಿಂದಲೇ ಕೆಲಸ. ಕಚೇರಿಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಾಲು ಹಿಂಡಿ, ಸಂಜೆ ದಟ್ಟಣೆಯಲ್ಲಿ ನಿಮಿಷ ಎಣಿಸುತ್ತ ಮನೆ ಸೇರುವುದನ್ನು ‘ಹೊರಗೆ ಹೋಗುವುದು’ ಎಂದು ಮನೆಯವರು ಲೆಕ್ಕ ಹಿಡಿದಿದ್ದರು. ಆಮೇಲೆ ಅವರೇ ನಿಧಾನವಾಗಿ ಹೇಳಿದರು: ಕಾಲೇಜಿನ ದಿನಗಳಲ್ಲಿ ಗೆಳತಿಯರೊಂದಿಗೆ ಅದೇ ಪಾರ್ಕಿಗೆ ಮೂರು ಸಲ ಹೋಗಿದ್ದರು, ಅಲೆಯ ಕೊಳದಿಂದ ಅವರನ್ನು ಎಬ್ಬಿಸಲು ಸೀಟಿ ಊದಬೇಕಾಗುತ್ತಿತ್ತು. ‘ನನಗೆ ಹೋಗ್ಬೇಕು ಅನ್ನಿಸ್ತು. ಎಂಟು ತಿಂಗಳ ಕೂಸಿನ ತಾಯಿ ಹಂಗೆ ಹೇಳಿದ್ರೆ ಚೆನ್ನಾಗಿರತ್ತಾ ಮೇಡಂ? ಅದಕ್ಕೆ ಮಗೂನ ಕರ್ಕೊಂಡು ಹೋಗೋಣ ಅಂದೆ.’

ಈ ಪ್ರಕರಣದ ಗಂಟು ಇಲ್ಲಿತ್ತು. ನಮ್ಮ ಮನೆಗಳಲ್ಲಿ ತಾಯಿಯಾದವಳ ಆಸೆಗೆ ಮಗುವಿನ ಹೆಸರಿಟ್ಟರೆ ಮಾತ್ರ ಮರ್ಯಾದೆ. ಅದನ್ನು ಕಲಿತ ಹೆಣ್ಣುಮಕ್ಕಳು ತಮಗೆ ಬೇಕಾದದ್ದನ್ನು ‘ಪಾಪುಗೆ’ ಎಂದೇ ಕೇಳುತ್ತಾರೆ, ಕೊನೆಗೆ ಪಾಪುವಿನ ಆರೋಗ್ಯದ ಕಾರಣಕ್ಕೇ ಅದು ನಿರಾಕರಿಸಲ್ಪಡುತ್ತದೆ. ಪತಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅವರ ಮೂಲ ಯೋಜನೆಯಲ್ಲಿ ಮಗು ಮನೆಯಲ್ಲಿ ಎಂದರೆ ತಾಯಿಯೂ ಮನೆಯಲ್ಲಿ ಎಂಬುದು ಯಾರೂ ಹೇಳದೆಯೇ ಸೇರಿಕೊಂಡಿತ್ತು.

ಹೆರಿಗೆಯಾದ ವರ್ಷದೊಳಗೆ ಬರುವ ತಾಯಂದಿರಲ್ಲಿ ಖಿನ್ನತೆ ಇದೆಯೇ ಎಂದು ನೋಡದೆ ನಾನು ಮುಂದುವರಿಯುವುದಿಲ್ಲ. 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ, ಹಿಂದಿನ ಏಳು ದಿನಗಳ ಬಗ್ಗೆ ಹತ್ತೇ ಪ್ರಶ್ನೆಗಳಿವೆ. ಕನ್ನಡ ಆವೃತ್ತಿಯೂ ಇದೆ. ಆತಂಕಪಡುವಂಥ ಅಂಕಗಳು ಬರಲಿಲ್ಲ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತ ಕೊನೆಯ ಪ್ರಶ್ನೆಗೆ ‘ಎಂದೂ ಇಲ್ಲ’ ಎಂಬ ಉತ್ತರವಿತ್ತು. ಹಾಗಲ್ಲದಿದ್ದರೆ ಪಾರ್ಕಿನ ಮಾತನ್ನು ಅಲ್ಲಿಗೇ ಬಿಟ್ಟು ಅವರನ್ನು ನಿಮ್ಹಾನ್ಸ್‌ಗೆ ಕಳುಹಿಸುತ್ತಿದ್ದೆ. ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗ ಅಲ್ಲಿದೆ. ರಾತ್ರಿ ವೇಳೆ ಮನಸ್ಸು ತೀರ ಕುಸಿದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಇದನ್ನು ನನ್ನಲ್ಲಿಗೆ ಬರುವ ಎಲ್ಲ ಬಾಣಂತಿಯರಿಗೂ ಕೊಡುತ್ತೇನೆ.

ಮೂರನೆಯ ಭೇಟಿಗೆ ದಂಪತಿಯೊಂದಿಗೆ ಅತ್ತೆಯೂ ಬಂದರು, ಮಡಿಲಲ್ಲಿ ಮೊಮ್ಮಗಳು. ತುಮಕೂರಿನ ಕಡೆಯ ಹಳ್ಳಿಯವರು. ಸೊಸೆಯ ರಜೆ ಮುಗಿದಾಗ, ಅಡಿಕೆ ತೋಟವನ್ನು ಗಂಡನಿಗೆ ಬಿಟ್ಟು ಮಗುವನ್ನು ನೋಡಿಕೊಳ್ಳಲು ಬಂದವರು. ‘ವರ್ಷ ತುಂಬೋ ತನಕ ಎಳೆಕೂಸನ್ನ ಜಾತ್ರೆ ಜನದೊಳಗೆ ಒಯ್ಯಬಾರದು, ದೃಷ್ಟಿಯಾಗತ್ತೆ’ ಎಂಬುದು ಅವರ ಖಚಿತ ಅಭಿಪ್ರಾಯ. ಮಗ ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ, ಅದೇ ತೀರ್ಮಾನವನ್ನು ಲಸಿಕೆಯ ಹೆಸರಿನಲ್ಲಿ ಹೇಳುತ್ತಿದ್ದ. ಮೈಮೇಲೆ ಏಳುವ ಕಾಯಿಲೆಗಳನ್ನೆಲ್ಲ ‘ಅಮ್ಮ’ ಎನ್ನುತ್ತಿದ್ದ ಕಾಲದಲ್ಲಿ, ಜಾತ್ರೆಗೆ ಹೋಗಿ ಬಂದ ಕೂಸುಗಳು ಎರಡು ವಾರದಲ್ಲಿ ಜ್ವರ ಹಿಡಿದು ಮಲಗುವುದನ್ನು ಕಂಡವರ ಎಚ್ಚರಿಕೆಯದು. ಅದನ್ನು ಅವರೆದುರೇ ಹೇಳಿದಾಗ ಅತ್ತೆ ಮಗನತ್ತ ಒಮ್ಮೆ ನೋಡಿದ ನೋಟವನ್ನು ನಾನು ಮರೆಯಲಾರೆ.

ನಾನು ಅವರಿಗೆ ಕೊಟ್ಟ ಸಲಹೆ ಎರಡು ಭಾಗದಲ್ಲಿತ್ತು. ಮೊದಲನೆಯದು, ಈ ದಸರೆಯ ವಿಹಾರವನ್ನು ಮಗುವಿನ ವಿಹಾರವೆಂದು ಕರೆಯುವುದನ್ನು ನಿಲ್ಲಿಸುವುದು. ‘ಹೇಗೂ ಮಗುವಿಗೆ ಟಿಕೆಟ್ ಇಲ್ಲ’ ಎಂಬ ಮಾತು ಇಬ್ಬರ ಬಾಯಲ್ಲೂ ಬಂದಿತ್ತು. 85 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಅಲ್ಲಿ ಪ್ರವೇಶ ಉಚಿತ ಎಂಬುದು ನಿಜ, ಸಾಮಾನ್ಯವಾಗಿ ಮಕ್ಕಳು ಆ ಎತ್ತರಕ್ಕೆ ಬರುವುದು ಎರಡು ವರ್ಷದ ಹೊತ್ತಿಗೆ. ಆದರೆ ಟಿಕೆಟ್ ಇಲ್ಲವೆಂದರೆ ಅಲ್ಲಿ ಅದಕ್ಕೆ ಆಟವೂ ಹೆಚ್ಚಿಲ್ಲವೆಂದೇ ಅರ್ಥ. ಅದನ್ನು ಎತ್ತಿಕೊಂಡು ಒಬ್ಬ ದೊಡ್ಡವರು, ಬಹುತೇಕ ತಾಯಿಯೇ, ದಿನವಿಡೀ ನೆರಳು ಹುಡುಕುತ್ತ ಕೂರಬೇಕಾಗುತ್ತದೆ. ಹಾಗಾದರೆ ತಾಯಿ ಹೋಗಲಿ, ಮಗು ಮನೆಯಲ್ಲಿರಲಿ. ಅದಕ್ಕೆ ತಯಾರಿ ಬೇಕು: ಮುಂದಿನ ಮೂರು ಭಾನುವಾರ ತಾಯಿ ಮೊದಲು ಎರಡು ಗಂಟೆ, ಆಮೇಲೆ ನಾಲ್ಕು, ಆಮೇಲೆ ಆರು ಗಂಟೆ ಮನೆಯಿಂದ ಹೊರಗಿರಬೇಕು, ಹೋಗುವಾಗ ಕದ್ದು ಹೋಗದೆ ಮಗುವಿಗೆ ಹೇಳಿ ಹೋಗಬೇಕು. ಹಿಂಡಿದ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಉಳಿಯುತ್ತದೆ. ಮಗು ಈಗಾಗಲೇ ರಾಗಿ ಸರಿ, ಮೆತ್ತಗೆ ಹಿಸುಕಿದ ಅನ್ನ-ಬೇಳೆ ತಿನ್ನುತ್ತಿರುವುದರಿಂದ ಹಸಿವಿನ ಭಯವಿಲ್ಲ. ಎದೆ ಕಟ್ಟದಂತೆ ತಾಯಿ ಮಧ್ಯಾಹ್ನ ಒಮ್ಮೆ ಹಾಲು ಹಿಂಡಿಕೊಳ್ಳುವುದನ್ನು ಮಾತ್ರ ಮರೆಯಬಾರದು.

ಮಗುವನ್ನು ಅಜ್ಜಿ ನೋಡಿಕೊಳ್ಳುತ್ತಾರೆ ಎಂದು ನಾನೂ ಲೆಕ್ಕ ಹಾಕಿಬಿಟ್ಟಿದ್ದೆ. ಅಷ್ಟರಲ್ಲಿ ಅವರು ಮೊಮ್ಮಗಳ ಬಾಯಿ ಒರೆಸುತ್ತ, ಯಾರಿಗೂ ಹೇಳದವರಂತೆ, ‘ವಂಡರ್‌ಲಾನ ನಾನೂ ನೋಡಿಲ್ಲ’ ಎಂದರು.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಜುಲೈಯಿಂದ ಮೂರನೆಯ ಮಹಡಿಯ ಮನೆಯಲ್ಲಿ, ಅಕ್ಕಪಕ್ಕದವರ ಪರಿಚಯವಿಲ್ಲದೆ, ಬೆಳಗಿನಿಂದ ಸಂಜೆಯವರೆಗೆ ಕೂಸಿನೊಂದಿಗೆ ಇದ್ದವರು ಅವರು. ಮಗಳು ಮತ್ತು ದೊಡ್ಡ ಮೊಮ್ಮಕ್ಕಳು ಅಪರೂಪಕ್ಕೆ ಬರುವ ದಿನವೂ ಅವರು ಮನೆಯಲ್ಲೇ ಉಳಿಯಬೇಕೆಂದು ಅವರ ಮಗ, ಸೊಸೆ, ಆಪ್ತಸಲಹೆಗಾರ್ತಿ ಮೂವರೂ ಕೇಳದೆಯೇ ನಿರ್ಧರಿಸಿದ್ದೆವು. ಸೊಸೆಯ ಮನಸ್ಸನ್ನು ಎರಡು ಭೇಟಿಯಲ್ಲಿ ಬಿಡಿಸಿ ನೋಡಿದ ನನಗೆ, ಅದೇ ಸ್ಥಿತಿಯಲ್ಲಿದ್ದ ಇನ್ನೊಬ್ಬ ಹೆಂಗಸು ಕಣ್ಣೆದುರೇ ಕುಳಿತಿದ್ದರೂ ಕಾಣಲಿಲ್ಲ. ಇದನ್ನು ನನ್ನ ಟಿಪ್ಪಣಿಯಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ.

ಮೌನ ಮುರಿದವರು ಪತಿ. ‘ಹಾಗಾದ್ರೆ ನಾನಿರ್ತೀನಿ ಮನೇಲಿ’ ಎಂದರು. ಅದು ದೊಡ್ಡ ತ್ಯಾಗವೆಂದು ಅವರಿಗೂ ಅನ್ನಿಸಿದಂತಿತ್ತು. ತಾಯಂದಿರು ದಿನವೂ ಮಾಡುವುದಕ್ಕೆ ಆ ಪದ ಬಳಸುವುದಿಲ್ಲವೆಂದು ನೆನಪಿಸಬೇಕೆನಿಸಿದರೂ ಸುಮ್ಮನಾದೆ. ಭಾನುವಾರದ ಅಭ್ಯಾಸವನ್ನು ಅಜ್ಜಿಯ ಬದಲು ಅವರೊಂದಿಗೇ ನಡೆಸಬೇಕು, ಆ ಹೊತ್ತಿನಲ್ಲಿ ‘ಡೈಪರ್ ಎಲ್ಲಿದೆ’ ಎಂದು ಹೆಂಡತಿಗೆ ಫೋನು ಮಾಡಬಾರದು ಎಂಬ ಷರತ್ತನ್ನಷ್ಟೇ ಸೇರಿಸಿದೆ.

ಎರಡನೆಯ ಭಾಗ, ಹಾಗಾದರೆ ಮಗುವನ್ನು ಯಾವಾಗ ಕರೆದೊಯ್ಯುವುದು ಎಂಬುದು. ಪತಿ ಹೇಳುತ್ತಿದ್ದ ‘ಮೂರು ವರ್ಷ’ಕ್ಕೆ ಕಾರಣ, ಅದಕ್ಕೂ ಮುಂಚಿನದು ಮಗುವಿಗೆ ನೆನಪಿರುವುದಿಲ್ಲ ಎಂಬುದು. ದೊಡ್ಡವರಾದ ಮೇಲೆ ನಮಗೆ ಉಳಿಯುವ ಮೊದಲ ನೆನಪುಗಳು ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸಿನವು ಎಂಬುದು ಸರಿಯೇ. ಆದರೆ ಅನ್ನಪ್ರಾಶನವೂ ಯಾರಿಗೂ ನೆನಪಿರುವುದಿಲ್ಲ, ಅದಕ್ಕಾಗಿ ನಾವು ಅದನ್ನು ಮುಂದೂಡುವುದಿಲ್ಲ. ನಾನು ವರ್ಷ ಎಣಿಸುವ ಬದಲು ಮಗುವನ್ನು ನೋಡಲು ಹೇಳಿದೆ. ಅದು ತಾನೇ ನಡೆದಾಡುತ್ತಿರಬೇಕು, ನಾವು ತಿನ್ನುವುದನ್ನೇ ಖಾರ ಕಡಿಮೆ ಮಾಡಿ ತಿನ್ನುತ್ತಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ‘ಸಾಕು, ಮನೆಗೆ ಹೋಗೋಣ’ ಎಂಬುದನ್ನು ಮಾತಿನಲ್ಲೋ ಕೈ ಎಳೆದೋ ಹೇಳಲು ಕಲಿತಿರಬೇಕು, ಅದು ಹಾಗೆ ಹೇಳಿದಾಗ ಟಿಕೆಟ್ಟಿನ ಹಣವನ್ನು ನೆನೆಯದೆ ಎದ್ದು ಹೊರಡುವ ಮನಸ್ಸು ದೊಡ್ಡವರಿಗಿರಬೇಕು. ಈ ಕೊನೆಯದು ಬಹಳಷ್ಟು ಮನೆಗಳಲ್ಲಿ ಮಗುವಿಗಿಂತ ತಡವಾಗಿ ಬೆಳೆಯುತ್ತದೆ. ಅದಕ್ಕೂ ಮುಂಚೆ ಲಾಲ್‌ಬಾಗಿನಲ್ಲಿ ಒಂದು ಬೆಳಗು ಕಳೆದು ನೋಡಬಹುದು: ಗುಂಪು, ಬಿಸಿಲು, ಹೊರಗಿನ ಊಟ, ನಿದ್ದೆಯ ಹೊತ್ತು ತಪ್ಪುವುದು, ಇವನ್ನು ಮಗು ಹೇಗೆ ತಾಳುತ್ತದೆಂದು ಅಲ್ಲೇ ತಿಳಿಯುತ್ತದೆ. ಮೊದಲ ಸಲ ಹೋಗುವಾಗ ರಜೆಯಿಲ್ಲದ ವಾರದ ದಿನವನ್ನು ಆರಿಸಿ, ಬಾಗಿಲು ತೆರೆಯುವಾಗಲೇ ಒಳಹೊಕ್ಕು ಮಧ್ಯಾಹ್ನದ ಊಟಕ್ಕೆ ಹೊರಬೀಳುವುದು ಒಳ್ಳೆಯದು. ನೀರಿಗಿಳಿದರೆ, ಎಷ್ಟೇ ಆಳ ಕಡಿಮೆಯಿರಲಿ, ಕೈಗೆ ಎಟಕುವಷ್ಟು ಹತ್ತಿರ ಒಬ್ಬರು ಇರಲೇಬೇಕು.

ಕೊನೆಯದಾಗಿ ಕೇಳಿದ್ದು ಅವರು ಯೋಚಿಸಿಯೇ ಇರದಿದ್ದ ಸಂಗತಿ: ಮೈಸೂರು ರಸ್ತೆಯಲ್ಲಿ ಮಗು ಕಾರಿನಲ್ಲಿ ಎಲ್ಲಿ ಕೂರುತ್ತದೆ? ‘ಮುಂದಿನ ಸೀಟಲ್ಲಿ, ಇವಳ ತೊಡೆ ಮೇಲೆ’ ಎಂದರು ಪತಿ. ದಡಾರದ ಬಗ್ಗೆ ಅಷ್ಟೆಲ್ಲ ಓದಿಕೊಂಡಿದ್ದವರಿಗೆ, ಆ ದಿನದ ದೊಡ್ಡ ಅಪಾಯ ಪಾರ್ಕಿನಲ್ಲಲ್ಲ, ದಾರಿಯಲ್ಲಿದೆ ಎಂದು ತೋರಿರಲಿಲ್ಲ. ಹಠಾತ್ತಾಗಿ ಬ್ರೇಕ್ ಹಾಕಿದರೆ ತೊಡೆಯ ಮೇಲಿನ ಕೂಸನ್ನು ಯಾವ ಕೈಯೂ ಹಿಡಿದು ನಿಲ್ಲಿಸಲಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಇಲ್ಲವೇ ಮಕ್ಕಳ ಸುರಕ್ಷಾ ಆಸನ ಇರಲೇಬೇಕು, ತಪ್ಪಿದರೆ 1,000 ರೂಪಾಯಿ ದಂಡ. ಪಾರ್ಕಿಗೆ ಹೋಗಲಿ ಬಿಡಲಿ, ಹಿಂದಿನ ಸೀಟಿಗೆ ಅಂಥ ಆಸನವನ್ನು ಈ ತಿಂಗಳೇ ಕೊಳ್ಳಲು ಹೇಳಿದೆ.

ಅಕ್ಟೋಬರ್ ಕೊನೆಯಲ್ಲಿ ಅವರು ಮತ್ತೊಮ್ಮೆ ಬಂದಾಗ ಆ ದಿನದ ವಿವರ ಕೇಳಿದೆ. ಸೊಸೆ ಸಂಜೆಯವರೆಗೂ ಅಲೆಯ ಕೊಳದಲ್ಲೇ ಇದ್ದರಂತೆ. ಅತ್ತೆ ನೀರಿಗಿಳಿಯಲಿಲ್ಲ, ಆದರೆ ಮೊಮ್ಮಕ್ಕಳೊಂದಿಗೆ ದೈತ್ಯಚಕ್ರ ಹತ್ತಿ ಮೇಲಿನಿಂದ ‘ನಮ್ಮೂರು ಯಾವ ಕಡೆ’ ಎಂದು ಕೇಳಿದರಂತೆ. ಮನೆಯಲ್ಲಿದ್ದ ಪತಿ ರಾಗಿ ಸರಿಯನ್ನು ಎರಡು ಸಲ ಗಂಟುಕಟ್ಟಿಸಿ, ಮೂರನೆಯ ಸಲ ಸರಿಯಾಗಿ ಕಾಯಿಸಿದ್ದರು. ಫೋನು ಒಂದೇ ಸಲ ಮಾಡಿದ್ದರು, ಹಾಲಿನ ಬಾಟಲಿ ಕುದಿಸುವ ಪಾತ್ರೆ ಯಾವುದೆಂದು ಕೇಳಲು.