ಕರೆಂಟ್ ಹೋದರೆ ಏನು ಉಳಿಯುತ್ತದೆ?

ಪ್ರಶ್ನೆ: ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಮೆಣಸಿನಕಾಯಿ ತೂಕ, ಬಿಲ್ಲಿನ ಸಾಫ್ಟ್‌ವೇರ್ ಮಾಡಿದ್ದೇವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಸೀಸನ್‌ನಲ್ಲಿ ನಿಧಾನವಾಗುತ್ತದೆ. ಕೆಲವು ಟೇಬಲ್ ‘ಅನ್‌ಲಾಗ್ಡ್’ ಮಾಡಿ ಎಂದು ಗೆಳೆಯರು ಹೇಳಿದರು. ಟೇಬಲ್‌ಗಳಿಗೆ ‘ಸೇಫ್’, ‘ಫಾಸ್ಟ್’, ‘ಟೆಂಪ್’ ಎಂದು ಮೂರು ಮಟ್ಟ ಇಟ್ಟರೆ ಸರಿಯೇ?
— ಓದುಗರು, ಬ್ಯಾಡಗಿ

ಉತ್ತರ: ಮೂರು ಮಟ್ಟ ಇರಲಿ, ಹೆಸರು ಬದಲಿಸಿ. ‘ಫಾಸ್ಟ್’ ಅಂತ ಇದ್ದರೆ ನಾಳೆ ಕೆಲಸಕ್ಕೆ ಸೇರಿದ ಹುಡುಗ ಬಿಲ್ಲಿನ ಟೇಬಲನ್ನೂ ಅಲ್ಲಿಗೇ ಹಾಕುತ್ತಾನೆ. ವೇಗ ಯಾರಿಗೆ ಬೇಡ?

ಅಂಗಡಿಯ ಲೆಕ್ಕವನ್ನೇ ನೋಡಿ. ಮೊದಲು ಕಿರ್ದಿಗೆ ಬರೆದು, ಆಮೇಲೆ ಖಾತೆಗೆ ಏರಿಸುತ್ತಾರೆ. ಖಾತೆ ಪುಸ್ತಕ ಹಾಳಾದರೂ ಕಿರ್ದಿ ನೋಡಿ ಮತ್ತೆ ಬರೆಯಬಹುದು. ಪೋಸ್ಟ್‌ಗ್ರೆಸ್‌ನ ಲಾಗ್ ಅಂಥದ್ದೇ ಕಿರ್ದಿ. 2011ರಲ್ಲಿ 9.1ನೇ ಆವೃತ್ತಿಯಲ್ಲಿ ಬಂದ ಅನ್‌ಲಾಗ್ಡ್ ಟೇಬಲ್‌ಗೆ ಆ ಕಿರ್ದಿಯೇ ಇಲ್ಲ. ಸರ್ವರನ್ನು ಸರಿಯಾಗಿ ಬಂದ್ ಮಾಡಿದರೆ ಡೇಟಾ ಇರುತ್ತದೆ. ಕರೆಂಟ್ ಹೋಗಿ ದಿಢೀರನೆ ನಿಂತರೆ ಟೇಬಲ್ ಉಳಿಯುತ್ತದೆ, ಒಳಗೆ ಒಂದು ಸಾಲೂ ಇರುವುದಿಲ್ಲ. ಕೊನೆಯ ನಾಲ್ಕು ಸಾಲಷ್ಟೇ ಅಲ್ಲ, ಪೂರ್ತಿ ಖಾಲಿ. ‘ಅನ್‌ಲಾಗ್ಡ್’ ಎಂಬ ಹೆಸರಿನಲ್ಲಿ ಇದು ಕಾಣುವುದೇ ಇಲ್ಲ, ಅಲ್ವಾ? ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನವರು ಮೆಮೊರಿಯಲ್ಲಿರುವ ಟೇಬಲ್‌ಗೆ ‘ಸ್ಕೀಮಾ ಓನ್ಲಿ’ ಎಂಬ ಆಯ್ಕೆ ಕೊಟ್ಟಿದ್ದಾರೆ. ಉಳಿಯುವುದು ಬರೀ ಚೌಕಟ್ಟು ಎಂದು ಹೆಸರೇ ಹೇಳುತ್ತದೆ. ನನಗೆ ಇಷ್ಟವಾದ ಹೆಸರು ಅದು.

ನೀವು ಹೀಗೆ ಇಡಿ: ‘ಉಳಿಯುವುದು’, ‘ಕ್ರ್ಯಾಶಾದರೆ ಖಾಲಿ’, ‘ಸೆಷನ್ ಮುಗಿದರೆ ಇಲ್ಲ’. ಕಾಟಾದ ಮೇಲಿಂದ ಇಳಿದ ಚೀಲ ಲಾರಿ ಹತ್ತಿದರೆ ಆ ತೂಕ ಎರಡನೇ ಸಲ ಸಿಗುವುದಿಲ್ಲ. ಅದು ರೈತರ ದುಡ್ಡು. ತೂಕ, ಬಿಲ್ಲು ಎರಡೂ ಮೊದಲನೆಯದರಲ್ಲೇ ಇರಬೇಕು. ಎಕ್ಸೆಲ್‌ನಿಂದ ತಂದ ಹಳೆ ಪಟ್ಟಿ, ದಿನದ ದರದ ಸರಾಸರಿ ಇವೆಲ್ಲ ಮತ್ತೆ ಮಾಡಿಕೊಳ್ಳಬಹುದು, ಎರಡನೆಯದು ಸಾಕು. ಮೂರನೆಯ ಟೆಂಪ್ ಟೇಬಲ್ ಆಯಾ ಸೆಷನ್‌ಗೆ, ಅಂದರೆ ಆಯಾ ಕನೆಕ್ಷನ್‌ಗೆ ಮಾತ್ರ ಕಾಣುತ್ತದೆ, ರಿಪೋರ್ಟ್ ಮಾಡುವಾಗ ಬಳಸಿ.

ಇನ್ನು ನಿಧಾನದ ವಿಷಯ. ಒಂದೊಂದು ಚೀಲಕ್ಕೂ ಒಂದೊಂದು ಕಮಿಟ್ (ಬರೆದದ್ದನ್ನು ಪಕ್ಕಾ ಮಾಡುವ ಆದೇಶ) ಮಾಡುತ್ತಿದ್ದೀರಾ ನೋಡಿ. ಹಳೆ ಪಟ್ಟಿ ತುಂಬುವಾಗ ಸಾವಿರ ಸಾಲಿಗೆ ಒಂದು ಕಮಿಟ್ ಸಾಕು. ‘ಸಿಂಕ್ರೊನಸ್ ಕಮಿಟ್’ ಆಫ್ ಮಾಡಿದರೂ, ಅಂದರೆ ಲಾಗ್ ಡಿಸ್ಕ್‌ಗೆ ಸೇರುವವರೆಗೆ ಕಾಯದಿದ್ದರೂ, ವೇಗ ಸಿಗುತ್ತದೆ. ಆಗ ಟೇಬಲ್ ಖಾಲಿಯಾಗುವುದಿಲ್ಲ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೆಚ್ಚೆಂದರೆ ಕೊನೆಯ 600 ಮಿಲಿಸೆಕೆಂಡ್‌ನ ಕಮಿಟ್‌ಗಳು ಹೋಗಬಹುದು. ಆದರೆ ತೂಕದ ಚೀಟಿ ಕೈಗೆ ಕೊಡುವ ಕಡೆ ಅದೂ ಬೇಡ.

ಜಾರಿಗೆ ತರುವ ಮುಂಚೆ ಯುಪಿಎಸ್ ಇಲ್ಲದ ಹಳೆ ಕಂಪ್ಯೂಟರ್‌ನಲ್ಲಿ ಎಲ್ಲ ಹಾಕಿ, ತೂಕ ನಡೆಯುತ್ತಿರುವಾಗಲೇ ಪ್ಲಗ್ ಕಿತ್ತು ನೋಡಿ. ಅಂಗಡಿ ಮಾಲೀಕರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಟೇಬಲ್ ಖಾಲಿಯಾದರೆ ಪರವಾಗಿಲ್ಲ ಎಂದು ಅವರೇ ಹೇಳಲಿ.