ಎರಡು ಬಿಂದಿಗೆ ನೀರು, ಒಂದು ಕಟ್ಟಳೆ

ಕಳೆದ ಸಂಚಿಕೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳಿದ್ದೆ. ಮಾಯೆ, ಮಂತ್ರ, ಕಂಡಿಲ್ಲದ ಲೋಕಗಳ ಕಥೆ ಬರೆಯುವ ಆಸೆ ಇದ್ದರೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಬರೆದು ಕಳಿಸಿ ಎಂದು. ಕಾಗದಗಳು ರಾಶಿ ಬಿದ್ದಿವೆ. ಗವಿಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೂರು ಸಂಜೆ ಓದಿದೆ. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ. ಜಾಸ್ತಿ ಜನರಿಗೆ ಉಪಯೋಗವಾಗುವಂಥವನ್ನು ಆರಿಸಿದ್ದೇನೆ.

ಫ್ಯಾಂಟಸಿ ಅಂತ ನಾನು ಓದಿದ್ದೆಲ್ಲ ಇಂಗ್ಲಿಷ್‌ನಲ್ಲೇ. ಕನ್ನಡದಲ್ಲಿ ಬರೆಯಲು ಕೂತರೆ ಡ್ರ್ಯಾಗನ್‌ಗೆ, ವಿಝರ್ಡ್‌ಗೆ ಪದ ಸಿಗುವುದಿಲ್ಲ. ಬರೆದದ್ದು ಅನುವಾದದ ಹಾಗೆ ಕಾಣುತ್ತದೆ.
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಬನಶಂಕರಿ

ಡ್ರ್ಯಾಗನ್‌ಗೆ ಕನ್ನಡ ಪದ ಹುಡುಕುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಏನೇನಿದೆ ಅಂತ ಮೊದಲು ನೋಡಿ.

1990ರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿರುತ್ತಿತ್ತು. ರಾತ್ರಿ ಒಂದು ದೆವ್ವ ಬರುತ್ತದೆ, ನಿಮ್ಮವರದೇ ದನಿಯಲ್ಲಿ ಕೂಗುತ್ತದೆ, ಓಗೊಟ್ಟರೆ ಮುಗಿಯಿತು ಅಂತ ಊರಿಗೆ ಊರೇ ಮಾತಾಡುತ್ತಿತ್ತು. ಬಾಗಿಲ ಮೇಲೆ ಹಾಗೆ ಬರೆದಿದ್ದರೆ ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ. ಮರುದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ನಮ್ಮಮ್ಮ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮಳೆಗೆ ಅಳಿಸಿದರೆ ದೀಪ ಹಚ್ಚುವುದರೊಳಗೆ ತಿದ್ದುತ್ತಿದ್ದರು. ಮೂರೇ ಅಕ್ಷರ. ಆದರೆ ಎಷ್ಟು ದೊಡ್ಡ ಕಥೆ ಅಲ್ವಾ ಅದು? ಬರೆದ ಮಾತಿಗೆ ಕಟ್ಟುಬಿದ್ದ ದೆವ್ವ. 'ಇವತ್ತು' ಅನ್ನುವುದು ಯಾವತ್ತೂ ಕೈಗೆ ಸಿಗದ ದೆವ್ವ. ಇದನ್ನು ನೀವು ಯಾವ ಭಾಷೆಯಿಂದಲೂ ತರಬೇಕಾಗಿಲ್ಲ.

ಇನ್ನು ಪದಗಳು. ವಿಝರ್ಡ್ ಅನ್ನುವ ಒಂದೇ ಪದದ ಜಾಗದಲ್ಲಿ ನಮ್ಮಲ್ಲಿ ಎಷ್ಟೊಂದು ಜನ ನಿಂತಿದ್ದಾರೆ ನೋಡಿ. ಗಾರುಡಿಗ ಬೇರೆ, ಮೋಡಿ ಹಾಕುವವನು ಬೇರೆ, ಮಾಟ ಮಾಡುವವಳು ಬೇರೆ, ಮೈಮೇಲೆ ದೇವರು ಬಂದು ನುಡಿಯುವವಳು ಬೇರೆ. ಒಬ್ಬೊಬ್ಬರಿಗೆ ಒಂದೊಂದು ಮರ್ಯಾದೆ, ಒಬ್ಬೊಬ್ಬರ ಬಗ್ಗೆ ಒಂದೊಂದು ಭಯ. ದೃಷ್ಟಿ ತೆಗೆಯುವುದು, ನಿವಾಳಿಸುವುದು, ಹರಕೆ ಕಟ್ಟಿಕೊಳ್ಳುವುದು, ದಿಗ್ಬಂಧನ ಹಾಕುವುದು. ಇವೆಲ್ಲ ಬಳಸಿ ಬಳಸಿ ನುಣುಪಾದ ಮಾತುಗಳು. ಪ್ರಾಣಿಗಳಿಗೂ ಬರವಿಲ್ಲ. ಎರಡು ತಲೆಯ ಗಂಡಭೇರುಂಡ, ದೇವಸ್ಥಾನದ ಕಂಬದಲ್ಲಿ ಹಿಂಗಾಲ ಮೇಲೆ ನಿಂತ ಯಾಳಿ, ಅಭಿಷೇಕದ ನೀರು ಹೊರಗೆ ಬಿಡುವ ಮಕರ, ನಿಧಿ ಕಾಯುವ ಘಟಸರ್ಪ. ನಿಧಿ ಕಾಯುವುದು ನಿಮ್ಮ ಡ್ರ್ಯಾಗನ್ನಿನ ಕೆಲಸವೂ ಹೌದಲ್ಲ? ಆದರೆ ಘಟಸರ್ಪ ಅಂದರೆ ನಿಮ್ಮ ಅಜ್ಜಿಗೂ ಮೈ ಜುಂ ಅನ್ನುತ್ತದೆ.

ಕಿಟೆಲ್ ಅವರ ನಿಘಂಟು 1894ರದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟ. ಯಾವುದಾದರೂ ಒಂದನ್ನು ದಿನಕ್ಕೊಂದು ಪುಟ ಓದಿ, ಸುಮ್ನೆ ಓದಿ. ಮರೆತುಹೋದ ಪದವೊಂದು ಕಣ್ಣಿಗೆ ಬಿದ್ದರೆ ಅದರ ಹಿಂದೆ ಒಂದು ಊರೇ ಕಾಣಿಸುತ್ತದೆ. ನನ್ನ ಎರಡನೇ ಕಾದಂಬರಿ ಹುಟ್ಟಿದ್ದು ಹಾಗೆ.

ಮೊದಲ ಕಾದಂಬರಿಯ ಕಥೆಯನ್ನೂ ಹೇಳುತ್ತೇನೆ. ಅದರಲ್ಲಿ ಹಿಮ ಇತ್ತು, ಕೋಟೆ ಇತ್ತು, ಬೆಳ್ಳಿ ಗಡ್ಡದ ಮುದುಕ ಇದ್ದ. ನಮ್ಮ ಸೋದರತ್ತೆ ಪೂರ್ತಿ ಓದಿ, ಈ ಜನ ಏನು ತಿನ್ನುತ್ತಾರೆ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. 300 ಪುಟ ಬರೆದಿದ್ದೆ, ಆ ಲೋಕದ ಒಂದು ಅಡುಗೆಮನೆಯನ್ನೂ ನೋಡಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ನಾನು ಕಟ್ಟಿದ ಪ್ರತಿ ಊರಿಗೂ ಮೊದಲು ಒಲೆ ಹಚ್ಚಿದ್ದೇನೆ.

ನನ್ನ ಹೀರೋಗೆ ಎಲ್ಲ ಶಕ್ತಿಯೂ ಇದೆ. ಹತ್ತನೇ ಪುಟಕ್ಕೇ ಕಥೆ ಮುಗಿದುಹೋಗುತ್ತದೆ.
— ಪಿಯುಸಿ ವಿದ್ಯಾರ್ಥಿ, ಮತ್ತಿಕೆರೆ

ನಿಮ್ಮ ಕಾಗದ ಓದಿ ಖುಷಿಯಾಯಿತು. ರೋಗ ಎಲ್ಲಿದೆ ಅಂತ ನಿಮಗೇ ಗೊತ್ತಾಗಿದೆ.

ನಮ್ಮ ಕಡೆಯ ಒಂದು ಜಾನಪದ ಕಥೆ ಕೇಳಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕಥೆಗಳಲ್ಲಿ ಅದೂ ಒಂದು. ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳಿಗೆ ಹೂವಿನ ಮರವಾಗುವ ವಿದ್ಯೆ ಗೊತ್ತು. ಅಕ್ಕ ಎರಡು ಬಿಂದಿಗೆ ನೀರು ತರಬೇಕು. ನೀರಿಗೆ ಉಗುರು ತಾಗಬಾರದು. ತಂಗಿ ಧ್ಯಾನಕ್ಕೆ ಕೂತಾಗ ಒಂದು ಬಿಂದಿಗೆ ಸುರಿದರೆ ಮರ. ಹೂವನ್ನು ಮೆಲ್ಲಗೆ ಬಿಡಿಸಿಕೊಳ್ಳಬೇಕು, ಕೊಂಬೆ ಮುರಿಯಬಾರದು, ಎಲೆ ಹರಿಯಬಾರದು. ಎರಡನೇ ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಹೂ ಮಾರಿ ಮನೆ ನಡೆಯುತ್ತದೆ. ಮುಂದೆ ಅವಳು ರಾಜನ ಮಗನನ್ನು ಮದುವೆಯಾಗುತ್ತಾಳೆ. ಗಂಡನ ತಂಗಿ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಮರವಾಗು ಅಂತ ಹಟ ಹಿಡಿಯುತ್ತಾಳೆ. ಹುಡುಗಿಯರು ಮುಗಿಬಿದ್ದು ಕೊಂಬೆ ಮುರಿಯುತ್ತಾರೆ. ನೀರನ್ನು ಸರಿಯಾಗಿ ಸುರಿಯದೆ ಓಡಿಹೋಗುತ್ತಾರೆ. ಆ ಹುಡುಗಿ ಅತ್ತ ಮರವೂ ಅಲ್ಲ, ಇತ್ತ ಮನುಷ್ಯಳೂ ಅಲ್ಲ. ಕೈಯಿಲ್ಲ, ಕಾಲಿಲ್ಲ.

ಇದನ್ನು ನಾನು ಮೊದಲು ಕೇಳಿದಾಗ ಏಳು ವರ್ಷ ಇರಬೇಕು. ಇವತ್ತಿಗೂ ಗಿಡದಿಂದ ಹೂ ಕೀಳುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ.

ಈಗ ಆ ಬಿಂದಿಗೆಗಳನ್ನು ಕಥೆಯಿಂದ ತೆಗೆದುಬಿಡಿ. ಹುಡುಗಿ ಬೇಕೆಂದಾಗ ಮರ, ಬೇಡವೆಂದಾಗ ಹುಡುಗಿ. ಏನು ಉಳಿಯಿತು? ಏನೂ ಇಲ್ಲ. ಕಟ್ಟಳೆ ಇರುವುದರಿಂದಲೇ ಅಲ್ಲಿ ನಂಬಿಕೆ ಇದೆ, ಮೋಸ ಇದೆ, ನೋವು ಇದೆ. ಮರವಾದವಳು ತಾನೇ ಬಿಂದಿಗೆ ಎತ್ತಲಾರಳು. ಇನ್ನೊಬ್ಬರ ಕೈಯಲ್ಲಿ ಅವಳ ಜೀವ ಇದೆ. ಕೊನೆಗೆ ಮುರಿದ ಕೊಂಬೆಗಳನ್ನು ಒಂದೊಂದಾಗಿ ಕೂಡಿಸಿ ನೀರು ಸುರಿಯುವುದೂ ಇನ್ನೊಬ್ಬನ ಕೈಯೇ, ಅವಳ ಗಂಡನದು.

ನಿಮ್ಮ ಹೀರೋ ಬಳಿ ಒಂದೇ ಒಂದು ಶಕ್ತಿ ಉಳಿಸಿ. ಅದನ್ನು ಬಳಸಲು ಅವನಿಗೆ ಯಾರ ಸಹಾಯ ಬೇಕು ಅಂತ ಯೋಚಿಸಿ. ಆ ಸಹಾಯ ಮಾಡಬೇಕಾದವರ ಜತೆ ಅವನಿಗೆ ಜಗಳ ಆಗಲಿ. ಆಮೇಲೆ ಬರೆಯಿರಿ.

ನನಗೆ ಸಿಗುವುದು ಭಾನುವಾರ ಒಂದೇ. ಇಬ್ಬರು ಮಕ್ಕಳಿದ್ದಾರೆ. ಬೆಂಗಳೂರಿನಲ್ಲೇ ಸ್ಫೂರ್ತಿ ಸಿಗುವ ಜಾಗಗಳನ್ನು ಹೇಳಿ. ಇಲ್ಲಿ ಬರೀ ಟ್ರಾಫಿಕ್ ಕಾಣುತ್ತದೆ.
— ಗೃಹಿಣಿ, ಕೆಂಗೇರಿ

ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ.

ಲಾಲ್‌ಬಾಗಿನ ಬಂಡೆಯಿಂದ ಶುರು ಮಾಡಿ. ಹೂವಿನ ಪ್ರದರ್ಶನದ ದಿನ ಬೇಡ, ಸಾಮಾನ್ಯ ದಿನ ಬೆಳಿಗ್ಗೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ಭೂಮಿಯ ಮೇಲೆ ಮರ ಇರಲಿಲ್ಲ, ಮೀನೂ ಇರಲಿಲ್ಲ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ ಇದೆ. ಅಂಥವು ನಾಲ್ಕು. ಇನ್ನೊಂದು ನಮ್ಮ ಮನೆಯ ಹತ್ತಿರ ಕೆಂಪಾಂಬುಧಿ ಕೆರೆಯ ಬಳಿ, ಉಳಿದವು ಹಲಸೂರು ಕೆರೆಯ ಕಡೆ ಮತ್ತು ಮೇಖ್ರಿ ವೃತ್ತದ ಹತ್ತಿರ. ಊರು ಇವನ್ನು ದಾಟಿ ಬೆಳೆಯಬಾರದು ಅನ್ನುವ ಮಾತು ಬಹಳ ಹಿಂದಿನಿಂದ ಜನರ ಬಾಯಲ್ಲಿದೆ. ಊರು ದಾಟಿತು. ಹಾಗಾದರೆ ಆ ಮಾತು ಎಲ್ಲಿ ಹೋಯಿತು? ನನ್ನ ಒಂದು ಸಣ್ಣ ಕಥೆ ಹುಟ್ಟಿದ್ದು ಈ ಪ್ರಶ್ನೆಯಿಂದ.

ಇನ್ನೊಂದು ಭಾನುವಾರ ಬೇಗೂರಿಗೆ ಹೋಗಿ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಕಾಲದ ಶಾಸನವಿದೆ. 'ಬೆಂಗಳೂರು' ಅನ್ನುವ ಹೆಸರು ಅದರಲ್ಲಿದೆ, ಅದೂ ಒಂದು ಕಾಳಗದ ಸುದ್ದಿಯಲ್ಲಿ. ಬೇಟೆಯಲ್ಲಿ ದಾರಿ ತಪ್ಪಿದ ಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಶಾಸನ ಆ ರಾಜನಿಗಿಂತ ಸುಮಾರು 300 ವರ್ಷ ಹಳೆಯದು. ಕಥೆ ಸುಳ್ಳಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಹೆಸರು ಮೊದಲೇ ಇತ್ತು, ಅಜ್ಜಿ ಆಮೇಲೆ ಬಂದಳು. ಹಾಗಾದರೆ ಅಜ್ಜಿಗೆ ಊರಿನ ಹೆಸರು ಮೊದಲೇ ಗೊತ್ತಿತ್ತಾ?

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಶಾಸನದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮಂಡ್ಯ ಜಿಲ್ಲೆಯ ಆತಕೂರಿನದು, ಸುಮಾರು 950ರದು. ಮಣಲೇರ ಅನ್ನುವ ವೀರನಿಗೆ ಗಂಗರ ರಾಜ ಬೂತುಗ, ಏನು ಬೇಕೋ ಕೇಳು ಅನ್ನುತ್ತಾನೆ. ಅವನು ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಆ ಕಾಳಿ ಒಂದು ದೊಡ್ಡ ಹಂದಿಯ ಜತೆ ಸೆಣಸಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಪೂಜೆ ನೋಡಿಕೊಳ್ಳುವ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಅಂತಲೂ ಬರೆಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡುವ ಚಿತ್ರವಿದೆ. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ರಾಜ್ಯ ಕೇಳಬಹುದಾಗಿದ್ದವನು ನಾಯಿ ಕೇಳಿದ! ಅದನ್ನು ಯಾಕೆ ಕೇಳಿದ ಅನ್ನುವುದನ್ನು ಯಾರೂ ಕೆತ್ತಿಲ್ಲ. ಆ ಜಾಗ ನಿಮ್ಮದು. ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು ವಸ್ತುಸಂಗ್ರಹಾಲಯ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

ವರ್ಷಕ್ಕೊಂದು ರಾತ್ರಿ, ಚೈತ್ರದ ಹುಣ್ಣಿಮೆಗೆ, ಕರಗ ನೋಡಲು ತಿಗಳರಪೇಟೆಗೆ ಬನ್ನಿ. ಕರಗದ ಹಿಂದಿನ ಕಥೆಯಲ್ಲೂ ಒಂದು ಕಟ್ಟಳೆ ಇದೆ. ತಿಮಿರಾಸುರನನ್ನು ಕೊಲ್ಲಲು ದ್ರೌಪದಿ ವೀರಕುಮಾರರನ್ನು ಸೃಷ್ಟಿಸಿದಳು. ಕೆಲಸ ಮುಗಿದ ಮೇಲೆ ಅವರು ಹೋಗಬೇಡ ತಾಯಿ ಅಂತ ಬೇಡಿಕೊಂಡರು. ವರ್ಷಕ್ಕೆ ಮೂರು ದಿನ ಬರುತ್ತೇನೆ ಅಂದಳು. ಅಷ್ಟೇ, ಮೂರೇ ದಿನ. ಆ ಮೂರು ದಿನಕ್ಕಾಗಿ ಉಳಿದ ದಿನವೆಲ್ಲ ಕಾಯುವ ಮಕ್ಕಳ ಕಡೆಯಿಂದ ಕಥೆ ಬರೆದರೆ ಹೇಗಿರುತ್ತದೆ? ಕತ್ತಿ ಹಿಡಿದ ವೀರಕುಮಾರರ ನಡುವೆ ಮಲ್ಲಿಗೆ ಹೊದ್ದ ಕರಗ ಬರುವುದನ್ನು, ಅದು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದನ್ನು ಕಣ್ಣಾರೆ ನೋಡಿ. ಓದಿದರೆ ಮಲ್ಲಿಗೆಯ ವಾಸನೆ ಬರುವುದಿಲ್ಲ.

ಎರಡು ವರ್ಷದಿಂದ ನನ್ನ ಲೋಕದ ನಕ್ಷೆ, ರಾಜವಂಶ, ಲಿಪಿ ಎಲ್ಲ ಮಾಡಿದ್ದೇನೆ. ಒಂದು ಅಧ್ಯಾಯವೂ ಬರೆದಿಲ್ಲ.
— ಬ್ಯಾಂಕ್ ಉದ್ಯೋಗಿ, ಯಲಹಂಕ

ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್ ಅವರನ್ನು ನೆನೆದುಕೊಂಡೇ ನೀವು ಲಿಪಿ ಮಾಡಿರುತ್ತೀರಿ. ಅವರು ಭಾಷೆಗಳನ್ನು ಕಟ್ಟಿದವರು, ನಿಜ. ಆದರೆ 1937ರಲ್ಲಿ ಬಂದ ಅವರ ಮೊದಲ ಕಾದಂಬರಿ ಶುರುವಾದದ್ದು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ. ಒಂದು ಹಾಳೆ ಖಾಲಿ ಇತ್ತು. ಅದರ ಮೇಲೆ ಒಂದೇ ಒಂದು ವಾಕ್ಯ ಗೀಚಿದರು. ನೆಲದೊಳಗಿನ ಬಿಲದಲ್ಲಿ ಒಂದು ಹಾಬಿಟ್ ಇತ್ತು ಅಂತ. ಹಾಬಿಟ್ ಅಂದರೆ ಏನು ಅಂತ ಅವರಿಗೇ ಆಗ ಗೊತ್ತಿರಲಿಲ್ಲ.

ನಕ್ಷೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಅದರಲ್ಲಿನ ಅತಿ ಸಣ್ಣ ಹಳ್ಳಿಯಲ್ಲಿ ಒಬ್ಬಳು ಬೆಳಿಗ್ಗೆ ಎದ್ದು ನೀರಿಗೆ ಹೋಗುತ್ತಾಳೆ. ಆ ಒಂದು ಬೆಳಗನ್ನು ನಾಲ್ಕು ಪುಟ ಬರೆಯಿರಿ. ರಾಜವಂಶ ಬೇಕಾದರೆ ತಾನಾಗಿ ಬರುತ್ತದೆ.

ಮಂಟೇಸ್ವಾಮಿ, ಮಹದೇಶ್ವರ ಕಾವ್ಯಗಳಿಂದ ಪಾತ್ರ ತೆಗೆದುಕೊಳ್ಳಬಹುದಾ? ಕದ್ದ ಹಾಗೆ ಆಗುತ್ತದಾ?
— ಓದುಗ, ವಿಜಯನಗರ

ಕಾನೂನಿನ ಮಾತು ಮೊದಲು. ಜನರ ಬಾಯಲ್ಲಿರುವ ಕಥೆ ಒಬ್ಬರ ಆಸ್ತಿ ಅಲ್ಲ. ಆದರೆ ಯಾರೋ ಸಂಪಾದಿಸಿ, ಬರೆದು ಅಚ್ಚು ಹಾಕಿಸಿದ ಪಠ್ಯ ಅವರದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಅವರ ವಾಕ್ಯಗಳನ್ನು ಎತ್ತಿಕೊಳ್ಳಬೇಡಿ.

ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಹುಲಿ ಏರಿದ ಮಾದಪ್ಪ ನಿಮಗೆ ಪಾತ್ರ ಇರಬಹುದು. ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ದೇವರಗುಡ್ಡರಿಗೆ ಅವನು ಮನೆದೇವರು. ಅವನ ಹೆಸರಿಟ್ಟು ಅವನಿಂದ ಏನೇನೋ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಅದರ ಬದಲು ಆ ಹಾಡು ಹೇಗೆ ಕಟ್ಟಿದೆ ಅಂತ ಕಲಿಯಿರಿ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿಗೆ ಹೋಗಿ ಕಮ್ಮಾರಿಕೆಯ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳುವ ಭಾಗವನ್ನು, ಆ ಕಾವ್ಯ ಹಾಡುವ ನೀಲಗಾರರ ಬಾಯಲ್ಲೇ ಕೇಳಿ. ದೇವರ ಶಿಷ್ಯ ಕೇಳುವುದು ಚಿನ್ನವನ್ನಲ್ಲ, ಕಬ್ಬಿಣವನ್ನು. ಕೊಡುವವರು ಸುಲಭಕ್ಕೆ ಕೊಡುವುದಿಲ್ಲ. ಅಂಥ ಹಟ ನಿಮ್ಮದೇ ಪಾತ್ರಗಳಲ್ಲಿ ಬರಲಿ. ಮೈಸೂರು ರಸ್ತೆಯಲ್ಲಿ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಒಂದು ಇಡೀ ದಿನ ಇಟ್ಟುಕೊಂಡು ಹೋಗಿ.

ಬರೆದಾಯಿತು. ಎಲ್ಲಿ ಕೊಡಲಿ?
— ಹಲವರು

ಮೊದಲು ಸಣ್ಣ ಕಥೆಗಳನ್ನು ಪತ್ರಿಕೆಗಳಿಗೆ ಕಳಿಸಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಆಮೇಲೆ ಒದ್ದಾಡುವುದು ತಪ್ಪುತ್ತದೆ. ಧಾರಾವಾಹಿಯ ಹಾಗೆ ಬರೆದು ಓದುಗರನ್ನು ಹುಡುಕಿಕೊಳ್ಳಲು ಪ್ರತಿಲಿಪಿ ಅನ್ನುವ ಆ್ಯಪ್ ಇದೆ. ಮೊದಲ ಪುಸ್ತಕಕ್ಕೆ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಚೊಚ್ಚಲ ಕೃತಿಯ ಪ್ರೋತ್ಸಾಹದ ಬಗ್ಗೆ ವಿಚಾರಿಸಿ. ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ಸರ್ಕಾರ ಉಚಿತವಾಗಿ ಕೊಡುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ನನಗೆ 61 ವರ್ಷ. ಈಗ ಶುರು ಮಾಡಿದರೆ ತಡವಾಯಿತಾ?
— ನಿವೃತ್ತ ನೌಕರರು, ಹಲಸೂರು

ಇಲ್ಲ. ನಿಮ್ಮ ಕಾಗದದ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಹಳೆಯ ಮನೆಯ ಹಿತ್ತಲಲ್ಲಿ ಬಾವಿ ಇತ್ತು, ದೀಪ ಹಚ್ಚಿದ ಮೇಲೆ ಅದರ ಮುಚ್ಚಳ ತೆಗೆಯಲು ಅಮ್ಮ ಬಿಡುತ್ತಿರಲಿಲ್ಲ, ಯಾಕೆ ಅಂತ ಯಾವತ್ತೂ ಹೇಳಲಿಲ್ಲ ಅಂತ ಬರೆದಿದ್ದೀರಿ. ಅದನ್ನು ಬರೀ ಮಾತಿಗೆ ಅಂತ ಬರೆದಿರಬಹುದು. ನಿಮ್ಮ ಕಥೆ ಅದೇ. ಕಟ್ಟಳೆಯನ್ನು ಅಮ್ಮ ಆಗಲೇ ಕೊಟ್ಟಿದ್ದಾರೆ. ಮುಚ್ಚಳದ ಮರ ಯಾವುದು, ಹಗ್ಗ ಯಾವ ಬಣ್ಣ, ತೆಗೆದಾಗ ಎಂಥ ಸದ್ದು, ಎಲ್ಲ ನಿಮಗೆ ಗೊತ್ತು. ಈಗ ಒಂದು ರಾತ್ರಿ ಯಾರೋ ಅದನ್ನು ತೆಗೆದರು. ಯಾರು ತೆಗೆದರು ಅಂತ ಬರೆದು ಕಳಿಸಿ. ನಾನು ಕಾಯುತ್ತಿರುತ್ತೇನೆ.